ಮುನ್ನುಡಿ ಬಿಟ್ಟು ಓದಿದ ಪುಸ್ತಕಗಳು

ಕನ್ನಡದ ಕಾದಂಬರಿಯೊಂದನ್ನೋ ಕಥಾಸಂಕಲನವನ್ನೋ ಕೈಗೆತ್ತಿಕೊಂಡರೆ ಕಥೆ ಶುರುವಾಗುವುದಕ್ಕೆ ಮೊದಲು ಮೂರು ನಾಲ್ಕು ಜನರನ್ನು ಮಾತನಾಡಿಸಿಕೊಂಡು ಹೋಗಬೇಕಾಗುತ್ತದೆ. ಪ್ರಕಾಶಕರ ನುಡಿ, ಲೇಖಕರ ಅರಿಕೆ, ಹಿರಿಯ ವಿಮರ್ಶಕರೊಬ್ಬರ ಮುನ್ನುಡಿ, ಇವುಗಳ ಜೊತೆಗೆ ಹಿಂಬದಿಯ ರಕ್ಷಾಪುಟದ ಮೇಲೊಂದು ಬೆನ್ನುಡಿ. ಇವರಲ್ಲಿ ಯಾರಾದರೊಬ್ಬರು ಕಥಾನಾಯಕಿ ಕೊನೆಗೆ ಏನಾದಳೆಂಬುದನ್ನು ಹೇಳಿಬಿಟ್ಟಿರುತ್ತಾರೆ. ಮತ್ತೊಬ್ಬರು ಆಕೆ ಹಾಗಾದದ್ದರ ಅರ್ಥವೇನೆಂಬುದನ್ನೂ ಬಿಡಿಸಿಟ್ಟಿರುತ್ತಾರೆ. ಮೊದಲ ಅಧ್ಯಾಯಕ್ಕೆ ಬರುವ ಹೊತ್ತಿಗೆ ಓದುಗನ ಪಾಲಿಗೆ ಉಳಿಯುವುದು ತಲೆಯಾಡಿಸುವ ಕೆಲಸ ಮಾತ್ರ. ಈ ಸಂಪ್ರದಾಯದ ಬಗ್ಗೆ ನನಗೆ ಬಹಳ ಕಾಲದಿಂದ ಒಳಗೊಳಗೇ ತಕರಾರಿತ್ತು. ಕಳೆದ ಮಳೆಗಾಲದಿಂದೀಚೆಗೆ ಓದಿದ ಪುಸ್ತಕಗಳ ಮಟ್ಟಿಗೆ, ಕಥೆ ಮುಗಿದ ಮೇಲೆ ಮನಸ್ಸಾದರೆ ಮಾತ್ರ ಮುನ್ನುಡಿ ನೋಡುವುದೆಂಬ ಕ್ರಮವನ್ನು ಇಟ್ಟುಕೊಂಡೆ. ನಡುವೆ ನಿಂತು ವಿವರಿಸುವವರು ಇಲ್ಲವಾದ್ದರಿಂದ, ಒಬ್ಬ ಲೇಖಕ ತನ್ನ ಓದುಗನನ್ನು ಎಷ್ಟರಮಟ್ಟಿಗೆ ನಂಬಿದ್ದಾನೆ ಎಂಬುದು ಬರವಣಿಗೆಯಲ್ಲೇ ಕಾಣತೊಡಗಿತು. ಮುಂದಿನ ಮಾತುಗಳೆಲ್ಲ ಹೆಚ್ಚುಕಡಿಮೆ ಆ ನಂಬಿಕೆಯ ಸುತ್ತಲಿನವು.

ಮೊದಲು ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಇದು ಕನ್ನಡದಲ್ಲಿ ಬಂದದ್ದು 2013ರಲ್ಲಿ. ಶ್ರೀನಾಥ್ ಪೆರೂರ್ ಮಾಡಿದ ಇಂಗ್ಲಿಷ್ ಅನುವಾದ 2015ರಲ್ಲಿ ಪ್ರಕಟವಾಗಿ, ಹೊರದೇಶಗಳ ಪತ್ರಿಕೆಗಳು ಮೆಚ್ಚಿ ಬರೆದ ಮೇಲೆ ನಮ್ಮಲ್ಲಿಯೂ ಅನೇಕರು ಅದರ ಕಡೆಗೆ ಮತ್ತೊಮ್ಮೆ ತಿರುಗಿದರು. ಒಂದೇ ಸಂಜೆಯಲ್ಲಿ ಮುಗಿಸಬಹುದಾದಷ್ಟು ಸಣ್ಣ ಕೃತಿ. ಬೆಂಗಳೂರಿನ ಕೆಳಮಧ್ಯಮ ವರ್ಗದ ಕುಟುಂಬವೊಂದು, ಚಿಕ್ಕಪ್ಪ ಆರಂಭಿಸಿದ ಸೋನಾ ಮಸಾಲಾ ವ್ಯಾಪಾರದಿಂದ ಏಕಾಏಕಿ ಶ್ರೀಮಂತವಾಗುತ್ತದೆ. ರೈಲು ಡಬ್ಬಿಗಳಂತೆ ಒಂದರ ಹಿಂದೊಂದು ಇರುವ ಸಣ್ಣ ಕೋಣೆಗಳ ಬಾಡಿಗೆ ಮನೆಯಿಂದ ದೊಡ್ಡ ಮನೆಗೆ ಹೋಗುತ್ತದೆ. ಕಥೆ ಹೇಳುವವನು ಆ ಮನೆಯ ಮಗ. ಅವನಿಗೆ ಹೆಸರಿಲ್ಲ. ಕಾಗದದ ಮೇಲೆ ಕಂಪನಿಯ ನಿರ್ದೇಶಕನಾಗಿರುವ ಅವನು ನಿಜದಲ್ಲಿ ಯಾವ ಕೆಲಸವನ್ನೂ ಮಾಡುವುದಿಲ್ಲ. ತಿಂಗಳಿಗೊಮ್ಮೆ ಹಣ ಬಂದು ಬೀಳುತ್ತದೆ, ಹೊತ್ತು ಹೋಗದಿದ್ದಾಗ ಕಾಫಿ ಹೌಸಿಗೆ ಹೋಗಿ ಕೂರುತ್ತಾನೆ.

ಈ ಕಥೆಯ ನಡುವಿನ ಒಂದು ಪ್ರಸಂಗವನ್ನು ನಾನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಓದಿದೆ. ಒಬ್ಬ ಹೆಂಗಸು ಚಿಕ್ಕಪ್ಪನನ್ನು ಹುಡುಕಿಕೊಂಡು ಮನೆ ಬಾಗಿಲಿಗೆ ಬರುತ್ತಾಳೆ. ಅವನಿಗೆ ಇಷ್ಟವೆಂದು ಮಸೂರ್ ಬೇಳೆಯ ಅಡುಗೆ ಮಾಡಿಕೊಂಡು ತಂದಿದ್ದಾಳೆ. ಅವನು ಕರೆಯುತ್ತಿದ್ದ ಮುದ್ದಿನ ಹೆಸರನ್ನು ಹೇಳಿಕೊಂಡು, ಒಮ್ಮೆ ಅವನನ್ನು ನೋಡಿ ಹೋಗುತ್ತೇನೆ ಎನ್ನುತ್ತಾಳೆ. ಅಮ್ಮ ಮತ್ತು ಮನೆಯ ಮಗಳು ಮಾಲತಿ ಅವಳನ್ನು ಬಾಯಿಗೆ ಬಂದಂತೆ ಬೈದು ಅಟ್ಟುತ್ತಾರೆ. ತಂದ ಅಡುಗೆ ನೆಲದ ಪಾಲಾಗುತ್ತದೆ. ಅದರ ಪರಿಮಳ ಅಲ್ಲೆಲ್ಲ ಹರಡುತ್ತದೆ. ಚಿಕ್ಕಪ್ಪ ಹೊರಗೆ ಬರುವುದಿಲ್ಲ. ಇಷ್ಟೂ ಹೊತ್ತು ನಮ್ಮ ನಿರೂಪಕ ಏನು ಮಾಡುತ್ತಿದ್ದ? ನೋಡುತ್ತಿದ್ದ. ನೋಡಿದ್ದನ್ನು ನಮಗೆ ಬಹಳ ಚೊಕ್ಕವಾದ, ಸಭ್ಯವಾದ ಕನ್ನಡದಲ್ಲಿ ಹೇಳುತ್ತಾನೆ, ಆ ಪರಿಮಳವನ್ನೂ ಸೇರಿಸಿ. ಹೊರಗಿನಿಂದ ಸೊಸೆಯಾಗಿ ಬಂದ ಅನಿತಾ ಒಬ್ಬಳಿಗೆ ಮಾತ್ರ ಅದು ಸಹಿಸಲಾಗದ ಸಂಗತಿಯೆನಿಸುತ್ತದೆ. ಶಾನಭಾಗರು ಇಲ್ಲಿ ಒಂದೇ ಒಂದು ವಾಕ್ಯದಲ್ಲಿ ತಮ್ಮ ನಿರೂಪಕನನ್ನು ಖಂಡಿಸಿದ್ದರೂ ಈ ಪುಸ್ತಕ ಮಾಮೂಲಿ ನೀತಿಕಥೆಯಾಗಿ ಕುಸಿಯುತ್ತಿತ್ತು. ಅವರು ಖಂಡಿಸುವುದಿಲ್ಲ. ಅವನ ಸಭ್ಯತೆಯನ್ನು ಅವನ ಬಾಯಿಂದಲೇ ಕೇಳಿಸುತ್ತಾರೆ, ಕೇಳಿ ಕೇಳಿ ನಮಗೇ ಮುಜುಗರವಾಗುವವರೆಗೆ.

ಹಳೆಯ ಮನೆಯ ಇರುವೆಗಳ ಭಾಗವೂ ಹಾಗೆಯೇ. ಅಡುಗೆಮನೆಗೆ ನುಗ್ಗುವ ಇರುವೆಗಳ ಮೇಲೆ ಆ ಮನೆಯವರು ಹೂಡುವ ಯುದ್ಧವನ್ನು ಮೊದಲ ಸಲ ಓದುವಾಗ ತಮಾಷೆಯೆನಿಸುತ್ತದೆ. ಬಡತನದ ದಿನಗಳ ಒಂದು ಹಗುರವಾದ ನೆನಪು ಅಷ್ಟೇ ಎಂದುಕೊಂಡು ಮುಂದೆ ಹೋಗುತ್ತೇವೆ. ಪುಸ್ತಕ ಮುಗಿದ ಮೇಲೆ ಅದೇ ಪುಟಗಳನ್ನು ಮತ್ತೆ ನೋಡಿದರೆ, ಈ ಮನೆಯವರಿಗೆ ಸಾಯಿಸುವುದರಲ್ಲಿ ರುಚಿ ಹತ್ತಿದ್ದು ಹಣ ಬಂದ ಮೇಲಲ್ಲ ಎಂಬ ಅನುಮಾನ ಮೂಡುತ್ತದೆ. ಈ ಅನುಮಾನವನ್ನು ಲೇಖಕರು ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲ. ಹಣ ಬಂದು ಒಳ್ಳೆಯವರನ್ನು ಕೆಡಿಸಿತು ಎಂಬ ಸುಲಭದ ಸಾರಾಂಶವನ್ನು ಈ ಕೃತಿಗೆ ಹಚ್ಚುವವರು ಇರುವೆಗಳನ್ನು ಮರೆತಿದ್ದಾರೆ ಎಂದೇ ನನ್ನ ಅಭಿಪ್ರಾಯ.

ಈ ಪುಸ್ತಕವನ್ನು ನಮ್ಮ ಅತ್ತಿಗೆಗೂ ಕೊಟ್ಟಿದ್ದೆ. ಅವರು ಓದಿ ಮುಗಿಸಿ ಹಿಂದಕ್ಕೆ ಕೊಡುವಾಗ, “ಆ ಅಮ್ಮ ಮಾಡಿದ್ದರಲ್ಲಿ ತಪ್ಪೇನಿದೆ ಹೇಳು? ಒಬ್ಬನ ದುಡಿಮೆಯ ಮೇಲೆ ಐದು ಜನ ಕೂತು ಉಣ್ಣುವಾಗ, ಆ ಒಬ್ಬ ಕೈಬಿಟ್ಟು ಹೋಗದ ಹಾಗೆ ನೋಡಿಕೊಳ್ಳಲೇಬೇಕಲ್ಲವೇ?” ಎಂದರು. “ಹಾಗಾದರೆ ಬಾಗಿಲಿಗೆ ಬಂದವಳ ಗತಿಯೇನು ಅತ್ತಿಗೆ?” ಎಂದು ಕೇಳಿದ್ದಕ್ಕೆ, “ಅದಕ್ಕೇ ಎರಡು ದಿನ ನಿದ್ದೆ ಬರಲಿಲ್ಲ” ಎಂದು ಒಳಗೆ ಹೋದರು. ಈ ಕೃತಿಯ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇದಕ್ಕಿಂತ ಹತ್ತಿರಕ್ಕೆ ಬಂದಿಲ್ಲ. ಓದುಗರಿಗೇ ಬಿಟ್ಟ ತೀರ್ಪನ್ನು ಓದುಗರು ಎರಡೂ ಕಡೆಯಿಂದ ಹೊರಬೇಕಾಗುತ್ತದೆ.

ಅದೇ ಉತ್ಸಾಹದಲ್ಲಿ ಶಾನಭಾಗರ ‘ಸಕೀನಾಳ ಮುತ್ತು’ (2021) ಕಾದಂಬರಿಯನ್ನೂ ಓದಿದೆ. ಇಲ್ಲಿಯೂ ಬೆಂಗಳೂರಿನ ಮಧ್ಯಮ ವರ್ಗದ ಗಂಡಸು, ವೆಂಕಟ. ಹೆಂಡತಿ ವಿಜಿ, ಕಾಲೇಜು ಓದುವ ಮಗಳು ರೇಖಾ. ಮಗಳನ್ನು ಕೇಳಿಕೊಂಡು ಇಬ್ಬರು ಹುಡುಗರು ಬಾಗಿಲು ತಟ್ಟುವುದರೊಂದಿಗೆ ಮನೆಯ ನೆಮ್ಮದಿ ಕದಡುತ್ತದೆ. ಹೊರಗಿನ ರಾಜಕೀಯವು ಒಂದು ಫ್ಲ್ಯಾಟಿನ ಊಟದ ಮೇಜಿನವರೆಗೆ ನುಗ್ಗಿ ಗಂಡ ಹೆಂಡತಿಯ ನಡುವೆ ಕೂರುವ ಬಗೆಯನ್ನು ಇಷ್ಟು ನಿಖರವಾಗಿ ಬರೆದ ಕನ್ನಡ ಕಾದಂಬರಿಗಳು ಕಡಿಮೆ. ಆದರೆ ತನ್ನನ್ನು ತಾನೇ ಕಾಣಲಾರದ ನಿರೂಪಕನ ಪರಿಚಯ ನನಗೆ ಮೊದಲೇ ಆಗಿದ್ದುದರಿಂದ, ವೆಂಕಟನ ಒಂದೊಂದು ಮಾತಿನ ಹಿಂದೆಯೂ ಏನು ಅಡಗಿದೆಯೆಂದು ಊಹಿಸುತ್ತಲೇ ಓದುವಂತಾಯಿತು. ಎರಡರಲ್ಲಿ ಯಾವುದನ್ನು ಮೊದಲು ಓದಬೇಕೆಂದು ಯಾರಾದರೂ ಕೇಳಿದರೆ ‘ಸಕೀನಾಳ ಮುತ್ತು’ ಎನ್ನುತ್ತೇನೆ.

ಇದಕ್ಕೆ ತದ್ವಿರುದ್ಧವಾದ ಬರವಣಿಗೆ ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019). ಹದಿನೈದನೆಯ ಶತಮಾನದ ಕೊನೆ ಮತ್ತು ಹದಿನಾರನೆಯ ಶತಮಾನದ ಮೊದಲ ದಶಕಗಳ ಕಥೆ. ಒಂದು ದಡದಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ನಗರ, ತೇಜೋ ನದಿ, ಯಹೂದಿ ಹುಡುಗಿ ಬೆಲ್ಲಾ, ಅವಳನ್ನು ಪ್ರೀತಿಸಿದ ಬಡ ಕ್ರೈಸ್ತ ಹುಡುಗ ಗೇಬ್ರಿಯಲ್. ಮತ್ತೊಂದು ದಡದಲ್ಲಿ ವಿಜಯನಗರದ ಸೀಮೆ, ತುಂಗಭದ್ರೆ, ಹಂಪಮ್ಮ, ಶಿಲ್ಪಿ ಕೇಶವ, ಮಾಪಳ ನಾಯಕ. ಸ್ಪೇನ್ ದೇಶ 1492ರಲ್ಲಿ ಯಹೂದಿಗಳನ್ನು ಹೊರಗಟ್ಟಿದ್ದು, ಅವರು ಪೋರ್ಚುಗಲ್ಲಿಗೆ ಬಂದು ಅಲ್ಲಿಯೂ ಬಲವಂತದ ಮತಾಂತರಕ್ಕೆ ಗುರಿಯಾದದ್ದು, ಪೋರ್ಚುಗೀಸ್ ದಂಡನಾಯಕ ಆಲ್ಬುಕರ್ಕ್ 1510ರಲ್ಲಿ ಗೋವೆಯನ್ನು ಹಿಡಿದದ್ದು, ಇವೆಲ್ಲ ಶಾಲೆಯ ಪಠ್ಯದಲ್ಲಿ ಬೇರೆ ಬೇರೆ ಪಾಠಗಳಾಗಿದ್ದವು; ಕಾದಂಬರಿ ಅವುಗಳನ್ನು ಒಬ್ಬ ಹುಡುಗನ ಮೈಮೇಲೆ ನಡೆದ ಒಂದೇ ಕಥೆಯನ್ನಾಗಿ ಹೆಣೆಯುತ್ತದೆ.

ಈ ಪುಸ್ತಕದಲ್ಲಿ ನನಗೆ ಅತ್ಯಂತ ಹಿಡಿಸಿದ್ದು, ವಿಜಯನಗರದ ಹೆಸರೆತ್ತಿದ ಕೂಡಲೇ ನಮ್ಮ ಲೇಖಕರಿಗೆ ಬರುವ ರೋಮಾಂಚನ ಇಲ್ಲಿ ಇಲ್ಲದಿರುವುದು. ಗಳಗನಾಥರಿಂದ ತ.ರಾ.ಸು. ಅವರವರೆಗೆ ಕನ್ನಡದ ಐತಿಹಾಸಿಕ ಕಾದಂಬರಿಯು ಬಹುಮಟ್ಟಿಗೆ ಅರಮನೆಯ ಕಡೆಯಿಂದ, ಕೋಟೆಯ ಒಳಗಿನಿಂದ ಲೋಕವನ್ನು ಕಂಡಿತು; ಅಭಿಮಾನ ಅದರ ಉಸಿರಾಗಿತ್ತು. ವಸುಧೇಂದ್ರರು ಸತಿ ಹೋಗಬೇಕಾದ ಹೆಂಗಸಿನ ಕಡೆಯಿಂದ, ದೊರೆಗಾಗಿ ತಲೆ ಕೊಡುತ್ತೇನೆಂದು ಹರಕೆ ಹೊತ್ತ ಲೆಂಕನ ಕಡೆಯಿಂದ, ಹಡಗಿನ ತಳದಲ್ಲಿ ಕೊಳೆಯುವ ನಾವಿಕನ ಕಡೆಯಿಂದ ಅದೇ ಕಾಲವನ್ನು ನೋಡುತ್ತಾರೆ. ಲಿಸ್ಬನ್ನಿನಲ್ಲಿ ಧರ್ಮದ ಹೆಸರಿನಲ್ಲಿ ನಡೆಯುವುದೂ ತುಂಗಭದ್ರೆಯ ದಡದಲ್ಲಿ ನಡೆಯುವುದೂ ಒಂದೇ ತೂಕದ ಕ್ರೌರ್ಯ ಎಂಬುದು ಎರಡು ನದಿಗಳನ್ನು ಅಕ್ಕಪಕ್ಕದಲ್ಲಿಟ್ಟದ್ದರಿಂದಲೇ ತಿಳಿಯುತ್ತದೆ. ಹಡಗಿನ ಪ್ರಯಾಣದ ಭಾಗಗಳನ್ನು ಓದುವಾಗ ಎರಡು ಮೂರು ಸಲ ಪುಸ್ತಕ ಕೆಳಗಿಟ್ಟು ನೀರು ಕುಡಿದು ಬಂದೆ. ಅಷ್ಟು ನಿಜವಾಗಿದೆ ಆ ಉಪ್ಪು, ಆ ದುರ್ವಾಸನೆ, ಆ ಬಾಯಾರಿಕೆ.

ನನ್ನ ತಕರಾರು ಇರುವುದು ಅಂಥ ಪುಟಗಳ ಅಕ್ಕಪಕ್ಕದಲ್ಲಿಯೇ ಬರುವ ವಿವರಣೆಗಳ ಬಗ್ಗೆ. ಒಂದು ಆಚರಣೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ ಮೇಲೆ ಅದು ಏಕೆ ಕ್ರೂರವೆಂದು ಪಾತ್ರವೊಂದರ ಬಾಯಲ್ಲಿ ಹೇಳಿಸುವ ಅಗತ್ಯವಿರಲಿಲ್ಲ. ಕೆಲವೆಡೆ ಪಾತ್ರಗಳು ಐನೂರು ವರ್ಷ ಹಿಂದಿನ ಬಟ್ಟೆ ತೊಟ್ಟು ಇಂದಿನ ಸಂಪಾದಕೀಯದ ಧಾಟಿಯಲ್ಲಿ ಯೋಚಿಸುತ್ತವೆ. ಲೇಖಕರು ಮಾಡಿದ ಅಧ್ಯಯನ ದೊಡ್ಡದು, ಅದರಲ್ಲಿ ಅನುಮಾನವಿಲ್ಲ; ಆದರೆ ಕಲೆಹಾಕಿದ ಸಂಗತಿಗಳಲ್ಲಿ ಒಂದನ್ನೂ ಹೊರಗೆ ಬಿಡಲು ಮನಸ್ಸು ಬಾರದೆ ಒಳಗೆ ಸೇರಿಸಿದಂತೆ ಕಾಣುವ ಪುಟಗಳೂ ಇವೆ. ಇಷ್ಟಾದರೂ ದಪ್ಪ ಪುಸ್ತಕವೆಂದರೆ ದೂರ ಸರಿಯುವ ಇಂದಿನ ಹುಡುಗರ ಕೈಯಲ್ಲಿ ಇದನ್ನು ಬಸ್ಸಿನಲ್ಲಿಯೂ ಮೆಟ್ರೋದಲ್ಲಿಯೂ ನೋಡಿದ್ದೇನೆ. ಬಿಡಿಸಿ ಹೇಳುವ ಈ ಗುಣವೇ ಅವರನ್ನು ಹಿಡಿದು ಕೂರಿಸಿದೆಯೆಂದಾದರೆ ನನ್ನ ತಕರಾರಿನ ತೂಕ ಅಷ್ಟರಮಟ್ಟಿಗೆ ಕಡಿಮೆಯೇ.

ನಡುವೆ ಒಂದು ಆತ್ಮಕಥೆ ಓದಿದೆ: ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’, ಧಾರವಾಡದ ಮನೋಹರ ಗ್ರಂಥಮಾಲೆ 2011ರಲ್ಲಿ ಪ್ರಕಟಿಸಿದ್ದು. ಮೊದಲ ಪುಟಗಳನ್ನು ಹಾರಿಸುವ ನನ್ನ ಕ್ರಮಕ್ಕೆ ಈ ಪುಸ್ತಕ ಅಪವಾದ, ಏಕೆಂದರೆ ಇಲ್ಲಿ ಎಲ್ಲವೂ ಇರುವುದು ಆ ಪುಟಗಳಲ್ಲಿಯೇ. 1973ರಲ್ಲಿ ಧಾರವಾಡದ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ ತಾಯಿ ಮಗನ ಏಳಿಗೆಯನ್ನು ಕಂಡು, ಇವನು ಬೇಡವೆಂದುಕೊಂಡಿದ್ದೆವಲ್ಲ ಎಂಬರ್ಥದ ಮಾತೊಂದನ್ನು ತಂದೆಯ ಕಡೆ ತಿರುಗಿ ಆಡುತ್ತಾರೆ. ಕೆದಕಿ ಕೇಳಿದಾಗ ಗೊತ್ತಾಗುವುದು: ಗರ್ಭ ತೆಗೆಸಲೆಂದು ಅವರು ಪುಣೆಯಲ್ಲಿ ಡಾಕ್ಟರೊಬ್ಬರ ಬಳಿಗೆ ಹೋಗಿದ್ದರು, ಡಾಕ್ಟರು ಬರಲಿಲ್ಲ, ಕಾದು ಕಾದು ಎದ್ದು ಬಂದರು, ಮತ್ತೆ ಹೋಗಲಿಲ್ಲ. ಕಾರ್ನಾಡರು ತಮ್ಮ ಆತ್ಮಕಥೆಯನ್ನು, ಅಂದು ಸಮಯಕ್ಕೆ ಬಾರದ ಆ ಡಾಕ್ಟರ್ ಮಧುಮಾಲತಿ ಗುಣೆಯವರಿಗೆ ಅರ್ಪಿಸಿದ್ದಾರೆ. ತಮ್ಮ ಹುಟ್ಟಿನಷ್ಟು ದೊಡ್ಡ ಸಂಗತಿಯನ್ನು ಇಷ್ಟು ಕಡಿಮೆ ಮಾತಿನಲ್ಲಿ, ಕಣ್ಣೀರಿನ ಸುಳಿವೂ ಇಲ್ಲದೆ, ಸ್ವಲ್ಪ ತುಂಟತನದಿಂದಲೇ ಹೇಳಿ ಮುಗಿಸುವ ಧೈರ್ಯ ನಾಟಕಕಾರನದು. ಮುಂದೆ ಬರುವ ಧಾರವಾಡದ, ಆಕ್ಸ್‌ಫರ್ಡಿನ, ಮದ್ರಾಸಿನ ಅಧ್ಯಾಯಗಳು ಸ್ವಾರಸ್ಯವಾಗಿವೆ, ತಮ್ಮ ಸುತ್ತಲಿನವರ ಬಗ್ಗೆ ಅವರು ಆಡುವ ಮಾತು ಕೆಲವು ಕಡೆ ಬಿರುಸಾಗಿಯೂ ಇದೆ. ಆದರೆ ಅರ್ಪಣೆಯ ಆ ಪ್ರಸಂಗದ ಎತ್ತರಕ್ಕೆ ಪುಸ್ತಕ ಮತ್ತೆ ಹೋಗಲಿಲ್ಲ ಎಂದು ನನಗನಿಸಿತು.

ಇಲ್ಲಿಯವರೆಗೆ ಬರೆದದ್ದನ್ನು ನೋಡಿದರೆ, ಕಡಿಮೆ ಹೇಳಿದವರೆಲ್ಲ ಒಳ್ಳೆಯ ಲೇಖಕರು, ಹೆಚ್ಚು ಹೇಳಿದವರೆಲ್ಲ ಓದುಗರನ್ನು ನಂಬದವರು ಎಂದು ನಾನು ಹೇಳಹೊರಟಂತೆ ಕಾಣಬಹುದು. ಆ ಸೂತ್ರವನ್ನು ಮುರಿಯುವುದಕ್ಕೆ ಕುವೆಂಪು ಒಬ್ಬರೇ ಸಾಕು. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಕಾಲೇಜಿನ ದಿನಗಳಲ್ಲಿ ಒಮ್ಮೆ ಓದಿದ್ದೆ. ಈ ಬಾರಿ ಅವಸರವಿಲ್ಲದೆ, ರಾತ್ರಿ ಮಲಗುವ ಮೊದಲು ಕೆಲವೇ ಪುಟಗಳಂತೆ ಓದಿದೆ. ಇದರಷ್ಟು ತುಂಬಿ ತುಳುಕುವ ಪುಸ್ತಕ ಕನ್ನಡದಲ್ಲಿ ಮತ್ತೊಂದಿಲ್ಲ. ಕಾಡಿನ ದಾರಿ, ಮಳೆ, ಇಂಬಳ, ಹಳು, ಗುಡಿಸಲಿನೊಳಗಿನ ಹೊಗೆ, ಹೆಗ್ಗಡೆಗಳ ಮನೆಯ ಜಗಲಿ, ಜೀತದಾಳುಗಳ ಕೇರಿ, ಊರಿಗೆ ಹೊಸದಾಗಿ ಬಂದ ಪಾದ್ರಿ, ಜನರ ಬಾಯಲ್ಲಿ ‘ಬೀಸೇಕಲ್ಲು’ ಆಗಿಬಿಟ್ಟ ಬೈಸಿಕಲ್ಲು, ಇವುಗಳಲ್ಲಿ ಒಂದನ್ನಾದರೂ ಲೇಖಕರು ಸಂಕ್ಷೇಪಿಸಿ ಹೇಳುವುದಿಲ್ಲ. ಸಿಂಬಾವಿ ಹೆಗ್ಗಡೆಯ ಆಳು ನಾಯಿಗುತ್ತಿ ತಾನು ಮೆಚ್ಚಿದ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ಕಥೆ ಒಂದು ಕಡೆ. ಮುಕುಂದಯ್ಯ ಮತ್ತು ಚಿನ್ನಮ್ಮನ ಕಥೆ ಮತ್ತೊಂದು ಕಡೆ. ಐತ ಮತ್ತು ಪೀಂಚಲು ಅವರ ದಾಂಪತ್ಯ ಇವೆರಡರ ನಡುವೆ. ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕಾದಂಬರಿಯ ಬಾಗಿಲಲ್ಲೇ ಬರೆದಿಟ್ಟ ಮಾತನ್ನು ಕನ್ನಡ ಬಲ್ಲವರೆಲ್ಲ ಕೇಳಿರುತ್ತಾರೆ. ಅದನ್ನು ಉದ್ಧರಿಸುವವರು ಬಹಳ. ಕಾದಂಬರಿಯನ್ನು ಕೊನೆಯವರೆಗೆ ಓದಿದವರು ಅಷ್ಟೊಂದು ಇದ್ದಂತಿಲ್ಲ.

ಗುತ್ತಿಯ ನಾಯಿ ಹುಲಿಯನನ್ನೇ ತೆಗೆದುಕೊಳ್ಳಿ. ಅದು ಮನುಷ್ಯರ ಗುಣಗಳನ್ನು ಹೊತ್ತ ಸಾಂಕೇತಿಕ ಪ್ರಾಣಿಯಲ್ಲ. ಅದಕ್ಕೆ ಮೈ ಕೆರೆಯುತ್ತದೆ, ಹಸಿವಾಗುತ್ತದೆ, ಒಡೆಯನ ಜೊತೆ ಹೋಗಲೇಬೇಕೆಂಬ ಹಟವಿರುತ್ತದೆ. ಕಾದಂಬರಿಯ ಕೊನೆಯ ಹೊತ್ತಿಗೆ ತುಂಗೆಯ ಪ್ರವಾಹದಲ್ಲಿ ಹುಲಿಯ ಕೊಚ್ಚಿಹೋಗುವ ಪುಟಗಳನ್ನು ಓದಿದಾಗ, ಅಷ್ಟು ಹೊತ್ತಿಗೆ ನೂರಾರು ಪುಟ ಆ ನಾಯಿಯ ಜೊತೆ ನಡೆದು ಬಂದಿರುವ ನನಗೆ, ಅದು ಒಂದು ಸಾವು ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಕುವೆಂಪು ಹೇಳುವುದು ಬಹಳ, ಆದರೆ ಹೇಳಿದ್ದನ್ನು ಹೀಗೆ ತಿಳಿದುಕೊಳ್ಳಿ ಎಂದು ಬೆರಳು ಮಾಡುವುದು ವಿರಳ. ವಿರಳವೆಂದೆನೇ ಹೊರತು ಇಲ್ಲವೆನ್ನಲಿಲ್ಲ. ಅಮೆರಿಕದ ಶಿಕಾಗೋದಲ್ಲಿ 1893ರಲ್ಲಿ ವಿವೇಕಾನಂದರು ಮಾತನಾಡಿದ ಘಟನೆಯನ್ನು ಮಲೆನಾಡಿನ ಮೂಲೆಯ ಈ ಸಣ್ಣ ಜನರ ಬದುಕಿನ ಪಕ್ಕದಲ್ಲಿಟ್ಟು, ಇವೆರಡರಲ್ಲಿ ಯಾವುದು ದೊಡ್ಡದೆಂದು ನಿರೂಪಕರೇ ತರ್ಕಿಸುವ ಕಡೆ ಕವಿಗೆ ಸುಮ್ಮನಿರಲಾಗಿಲ್ಲ. ಕಾದಂಬರಿ ತಾನೇ ಬದುಕಿ ತೋರಿಸುತ್ತಿರುವ ಮಾತನ್ನು ಅಲ್ಲಿ ಉಪನ್ಯಾಸದಂತೆ ಮತ್ತೊಮ್ಮೆ ಕೇಳಬೇಕಾಗುತ್ತದೆ. ಹಾಗೆಂದು ಆ ಭಾಗವನ್ನು ಕತ್ತರಿಸಿ ತೆಗೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಇಷ್ಟು ಉದಾರವಾದ ಪುಸ್ತಕ ಒಂದೆರಡು ಪುಟಗಳ ಉಪನ್ಯಾಸವನ್ನು ಧಾರಾಳವಾಗಿ ತಾಳಿಕೊಳ್ಳುತ್ತದೆ. ಸಿ. ಬಸವಲಿಂಗಯ್ಯನವರು ಮೈಸೂರಿನ ರಂಗಾಯಣಕ್ಕಾಗಿ 2010ರಲ್ಲಿ ಇದನ್ನು ಇಡೀ ರಾತ್ರಿ ನಡೆಯುವ ನಾಟಕವನ್ನಾಗಿ ಮಾಡಿದಾಗ ಜನ ಬೆಳಗಿನ ತನಕ ಕೂತು ನೋಡಿದರು. ಸಂಕ್ಷೇಪಕ್ಕೆ ಒಗ್ಗದ ಕೃತಿಗೆ ಸಲ್ಲಬೇಕಾದ ಮರ್ಯಾದೆಯೇ ಅದು.

ಕೊನೆಗೆ ಬಾನು ಮುಷ್ತಾಕ್. ದೀಪಾ ಭಾಸ್ತಿ ಅನುವಾದಿಸಿದ ಅವರ ಹನ್ನೆರಡು ಕಥೆಗಳ ಸಂಕಲನ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಕನ್ನಡದಿಂದ ಹೋದ ಪುಸ್ತಕಕ್ಕೂ ಸಣ್ಣಕಥೆಗಳ ಸಂಕಲನಕ್ಕೂ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ನಾನು ಕಥೆಗಳನ್ನು ಕನ್ನಡದಲ್ಲಿ ಓದಿ, ಆಮೇಲೆ ಇಂಗ್ಲಿಷಿನಲ್ಲಿ ಹೇಗಾಗಿದೆಯೆಂದು ನೋಡಿದೆ. ಕನ್ನಡದಲ್ಲಿ ಓದುವಾಗ ಮೊದಲಿಗೆ ಕಿರಿಕಿರಿಯಾಯಿತು. ಹಾಸನದ ವಕೀಲೆ, ಬಂಡಾಯ ಚಳವಳಿಯ ನಡುವಿನಿಂದ ಬಂದ ಲೇಖಕಿ, ‘ಲಂಕೇಶ್ ಪತ್ರಿಕೆ’ಗೆ ವರದಿ ಮಾಡಿದವರು, ಅವರ ಕಥೆಗಳು ಮೆಲುದನಿಯವಲ್ಲ. ಪಾತ್ರಗಳು ಕೂಗುತ್ತವೆ, ಅಳುತ್ತವೆ, ಶಪಿಸುತ್ತವೆ. ನಿರೂಪಕಿಯ ಒಲವು ಎತ್ತ ಕಡೆಗಿದೆಯೆಂಬುದರಲ್ಲಿ ಗುಟ್ಟೇನೂ ಇಲ್ಲ. ಶಾನಭಾಗರ ಮಗ್ಗದಲ್ಲಿ ನೇಯ್ದ ಬಟ್ಟೆಗೆ ಒಗ್ಗಿದ್ದ ಕೈಗೆ ಇದು ಒರಟೆನಿಸಿತು.

ಆದರೆ ‘ಕರಿ ನಾಗರಗಳು’ ಕಥೆಯನ್ನು ಓದುತ್ತ ಓದುತ್ತ ನನ್ನ ಅಳತೆಗೋಲಿನ ಮೇಲೆಯೇ ಅನುಮಾನ ಬಂತು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಆಶ್ರಫ್ ನ್ಯಾಯ ಕೇಳಿಕೊಂಡು, ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿಯ ಬಳಿ ಅಲೆಯುತ್ತಾಳೆ. ಮಡಿಲಲ್ಲಿ ಕಾಯಿಲೆಯ ಕೂಸು. ಮುತವಲ್ಲಿಗೆ ಬಿಡುವಿಲ್ಲ. ಕೂಸು ಉಳಿಯುವುದಿಲ್ಲ. ಆಮೇಲೆ ಆ ಊರಿನ ಹೆಂಗಸರು, ಇಷ್ಟು ಕಾಲ ಬಾಗಿಲ ಸಂದಿಯಿಂದ ನೋಡುತ್ತಿದ್ದವರು, ಮುತವಲ್ಲಿ ಬೀದಿಯಲ್ಲಿ ಹೋಗುವಾಗ ಹಿಡಿ ಹಿಡಿ ಶಾಪ ಹಾಕುತ್ತಾರೆ. ಗಿರೀಶ ಕಾಸರವಳ್ಳಿಯವರ ‘ಹಸೀನಾ’ ಚಿತ್ರಕ್ಕೆ ಆಧಾರವಾದದ್ದು ಇದೇ ಕಥೆ. ಆ ಶಾಪದ ಪುಟಗಳನ್ನು ಸಂಯಮದಿಂದ, ಸೂಚ್ಯವಾಗಿ ಬರೆಯಬಹುದಿತ್ತೇ ಎಂದು ಯೋಚಿಸಿದೆ. ಬರೆಯಬಹುದಿತ್ತು, ಬರೆದಿದ್ದರೆ ಅದು ಮುತವಲ್ಲಿಗೆ ತೋರಿಸಿದ ದಾಕ್ಷಿಣ್ಯವಾಗುತ್ತಿತ್ತು. ಹೇಳದೆ ಬಿಡುವುದನ್ನು ನಾವು ಕಲೆಯ ಗುಣವೆಂದು ಮೆಚ್ಚುತ್ತೇವಲ್ಲ, ಅದು ಬೇಕಾದಾಗ ಹೇಳುವ ಅವಕಾಶ ಯಾವಾಗಲೂ ಇದ್ದವರ ಮೆಚ್ಚುಗೆ. ಈ ಹೆಂಗಸರು ಕಥೆಯ ಹೊರಗೆ ಬೇಕಾದಷ್ಟು ಕಾಲ ಸುಮ್ಮನಿದ್ದರು. ಅವರ ಪಾಲಿಗೆ ಮೌನ ಶೈಲಿಯಾಗಿರಲಿಲ್ಲ.

‘ಎದೆಯ ಹಣತೆ’ಯಲ್ಲಿ ಇದೇ ಲೇಖಕಿ ದನಿಯನ್ನು ತಗ್ಗಿಸಬಲ್ಲರೆಂಬುದೂ ಗೊತ್ತಾಗುತ್ತದೆ. ಗಂಡ ಬೇರೊಬ್ಬಳ ಹಿಂದೆ ಹೋದನೆಂದು ಮೆಹರುನ್ ಎಳೆಗೂಸನ್ನು ಎತ್ತಿಕೊಂಡು ತವರಿಗೆ ಬಂದರೆ, ತಂದೆ ತಾಯಿ ಅಣ್ಣಂದಿರಿಗೆ ಮನೆತನದ ಮರ್ಯಾದೆಯ ಚಿಂತೆ. ಅವಳನ್ನು ಅಂದೇ ಹಿಂದಕ್ಕೆ ಕರೆದುಕೊಂಡು ಹೋಗಿ ಬಿಡುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಂಡಾಗ ಓಡಿ ಬಂದು ತಡೆಯುವುದು ಹಿರಿಯ ಮಗಳು ಸಲ್ಮಾ. ಇಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ತವರಿಗೆ ಬಂದ ಮಗಳನ್ನು ಕಂಡಾಗ ಮನೆಯವರ ಮುಖದಲ್ಲಿ ಸಂತೋಷಕ್ಕಿಂತ ಮೊದಲು ಗಾಬರಿ ಮೂಡುವುದನ್ನು ತೋರಿಸುವ ಆರಂಭದ ಪುಟಗಳಿಗೆ ಮುಸ್ಲಿಂ ಮನೆತನದ ಹೆಸರಿದೆ ಅಷ್ಟೇ. ಅದೇ ಜಗಲಿ, ಅದೇ ಗಾಬರಿ ಯಾವ ಜಾತಿಯ ಮನೆಯಲ್ಲಿಯೂ ಇರಬಹುದಾದದ್ದು, ಇರುವಂಥದ್ದೇ. ಎಲ್ಲ ಕಥೆಗಳೂ ಈ ಮಟ್ಟದವೆಂದು ಹೇಳಲಾರೆ. ಕೆಲವು ಕಡೆ ವಕೀಲೆ ಕಥೆಗಾರ್ತಿಯನ್ನು ಪಕ್ಕಕ್ಕೆ ಸರಿಸಿ ವಾದ ಮುಗಿಸುವ ಅವಸರದಲ್ಲಿರುತ್ತಾರೆ. ಅಂಥ ಕಥೆಗಳ ಕೊನೆಯ ಒಂದೆರಡು ಪ್ಯಾರಾಗಳನ್ನು ತೆಗೆದರೆ ಕಥೆ ಇನ್ನಷ್ಟು ಗಟ್ಟಿಯಾದೀತು.

ಅನುವಾದದ ಬಗ್ಗೆ ಒಂದು ಮಾತು. ದೀಪಾ ಭಾಸ್ತಿಯವರು ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಅನೇಕ ಕಡೆ ಹಾಗೆಯೇ ಉಳಿಸಿಕೊಂಡಿದ್ದಾರೆ. ಅವುಗಳನ್ನು ಓರೆಯಕ್ಷರದಲ್ಲಿ ಅಚ್ಚು ಹಾಕಿಸಿಲ್ಲ, ಅಡಿಟಿಪ್ಪಣಿಯನ್ನೂ ಕೊಟ್ಟಿಲ್ಲ. ಲಂಡನ್ನಿನ ಓದುಗ ತಡವರಿಸಲಿ, ಎರಡು ಪುಟ ಮುಂದೆ ಹೋದರೆ ತಾನಾಗಿಯೇ ತಿಳಿಯುತ್ತಾನೆ ಎಂಬ ಧೈರ್ಯ ಅದರ ಹಿಂದಿದೆ. ನಾವು ರಷ್ಯದ ಕಾದಂಬರಿಗಳನ್ನು ಓದುವಾಗ ಸಮೋವರ್ ಎಂದರೇನೆಂದು ಯಾರನ್ನೂ ಕೇಳದೆ ಹೀಗೆಯೇ ತಿಳಿದುಕೊಂಡವರು. ನಮ್ಮ ಮಾತನ್ನು ನಾವೇ ಬಿಡಿಸಿ ಬಿಡಿಸಿ ಒಪ್ಪಿಸುವ ಸಂಕೋಚ ಈ ಇಂಗ್ಲಿಷಿನಲ್ಲಿ ಇಲ್ಲ; ಓದುತ್ತಿದ್ದರೆ ಹಾಸನದ ಕಡೆಯ ಮಾತಿನ ಏರಿಳಿತ ಒಳಗಿನಿಂದ ಕೇಳುತ್ತದೆ.

ಪ್ರಶಸ್ತಿ ಬಂದ ಹೊಸತರಲ್ಲಿ ನಮ್ಮೂರಿನ ಪುಸ್ತಕದ ಅಂಗಡಿಯೊಂದರಲ್ಲಿ ಇಂಗ್ಲಿಷ್ ಪ್ರತಿಗಳು ಬಾಗಿಲ ಬಳಿಯೇ ಜೋಡಿಸಿ ಇಟ್ಟಿದ್ದವು, ಕನ್ನಡದ್ದು ಒಂದೂ ಇರಲಿಲ್ಲ. ವಿಚಾರಿಸಿದಾಗ, ಬರೆದುಕೊಂಡಿದ್ದೇವೆ ಸಾರ್, ಬಂದರೆ ಫೋನು ಮಾಡುತ್ತೇವೆ ಎಂದರು. ಕೊನೆಗೆ ಸಾರ್ವಜನಿಕ ಗ್ರಂಥಾಲಯದಲ್ಲಿ ಸಿಕ್ಕಿದ ಹಳೆಯ ಪ್ರತಿಯಲ್ಲಿ ಕಥೆಗಳನ್ನು ಓದಿದೆ. ನನಗಿಂತ ಮೊದಲು ಅದನ್ನು ಎರವಲು ತೆಗೆದುಕೊಂಡಿದ್ದ ಯಾರೋ ‘ಒಮ್ಮೆ ಹೆಣ್ಣಾಗು ಪ್ರಭುವೇ’ ಕಥೆಯ ಪುಟಗಳ ಅಂಚಿನಲ್ಲಿ ಉದ್ದಕ್ಕೂ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಗ್ರಂಥಾಲಯದ ಪುಸ್ತಕದಲ್ಲಿ ಗೆರೆ ಎಳೆಯುವವರನ್ನು ಕಂಡರೆ ನನಗಾಗುವುದಿಲ್ಲ. ಆ ಗೆರೆಗಳನ್ನು ಮಾತ್ರ ಅಳಿಸದೆ ಪುಸ್ತಕ ಹಿಂದಿರುಗಿಸಿದೆ. ಅಂಗಡಿಯಿಂದ ಇನ್ನೂ ಫೋನು ಬಂದಿಲ್ಲ.